ಬಸವಲಿಂಗಮ್ಮನ ಹಲಸಿನ ಹರಕೆ

ಗುಬ್ಬಿ ಸೀಮೆಯಲ್ಲಿ ಹುಟ್ಟಿದವರು ಹಲಸಿನ ಹಣ್ಣು ಬಿಡುತ್ತೇನೆ ಅನ್ನುವುದು ಹುಡುಗಾಟದ ಮಾತಲ್ಲ. ಕಾಶಿಗೆ ಹೋದವರು ಹಾಗಲಕಾಯಿ ಬಿಟ್ಟು ಬರುತ್ತಾರೆ. ಹಾಗಲಕಾಯಿ ಬಿಡುವುದರಲ್ಲಿ ಏನು ಮಹಾ ಕಷ್ಟ ಹೇಳಿ? ತುಮಕೂರಿನ ಉಪ್ಪಾರಹಳ್ಳಿಯ ಅಂಗನವಾಡಿ ಟೀಚರ್ ಬಸವಲಿಂಗಮ್ಮ ಬಿಟ್ಟಿದ್ದು ಹಲಸು. ಅದೂ ಎಂಥ ಹಲಸು! ಸಿ.ಎಸ್. ಪುರದ ತವರಿನ ಹಿತ್ತಲಲ್ಲಿ ಅವಳ ಅಜ್ಜನ ಕಾಲದ ಮರವೊಂದಿದೆ. ಹಣ್ಣು ಸೀಳಿದರೆ ಒಳಗೆ ಕೆಂಡದ ಬಣ್ಣದ ತೊಳೆ, ಬಾಯಿಗಿಟ್ಟರೆ ಜೇನು ಬೇಡ. ವರ್ಷಕ್ಕೊಮ್ಮೆ ಅವಳ ಅಣ್ಣ ಅಣ್ಣಯ್ಯಪ್ಪ ಅಂಥ ಒಂದು ಹಣ್ಣನ್ನು ಗೋಣಿಚೀಲದಲ್ಲಿ ಕಟ್ಟಿ, ಬಸ್ಸಿನಲ್ಲಿ ಕಾಲಸಂದಿಯಲ್ಲಿಟ್ಟುಕೊಂಡು ತುಮಕೂರಿಗೆ ತರುತ್ತಿದ್ದ. ಹಸಿದು ಹಲಸು, ಉಂಡು ಮಾವು ಅಂತ ಹಿರಿಯರು ಹೇಳಿದ್ದಾರೆ. ನಮ್ಮ ಬಸವಲಿಂಗಮ್ಮ ಹಸಿದಾಗಲೂ ಹಲಸು, ಉಂಡ ಮೇಲೂ ಹಲಸು ಅನ್ನುವ ಪೈಕಿ.

ಅಂಥವಳು ಯಾಕೆ ಬಿಟ್ಟಳು ಅಂದರೆ, ಒಂದು ಡಿಗ್ರಿಗೋಸ್ಕರ.

ಅವಳು ಗುಬ್ಬಿಯಲ್ಲಿ ಪಿಯುಸಿ ಓದಿ ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು. ಬಿ.ಎ. ಸೇರಲು ಅರ್ಜಿಯನ್ನೂ ತಂದು ತುಂಬಿಸಿಟ್ಟಿದ್ದಳು. ಅದೇ ವಾರ ತುಮಕೂರಿನಿಂದ ಗಂಡು ಬಂತು. ಗಂಡು ಒಳ್ಳೆಯವನು, ಸ್ವಂತ ಹಿಟ್ಟಿನ ಮಿಲ್ಲು, ದುಶ್ಚಟವಿಲ್ಲ. ಇಂಥ ಸಂಬಂಧ ಬಿಟ್ಟರೆ ಮತ್ತೆ ಸಿಗುತ್ತದೆಯೇ ಅಂದರು ಎಲ್ಲರೂ. ಮದುವೆಯಾಯಿತು. ಮಲ್ಲಿಕಾರ್ಜುನನ ಮೇಲೆ ಅವಳಿಗೆ ಇವತ್ತಿಗೂ ಒಂದೇ ಒಂದು ದೂರಿಲ್ಲ. ಮೈತುಂಬ ಹಿಟ್ಟು ಮೆತ್ತಿಕೊಂಡು ಸಂಜೆ ಮನೆಗೆ ಬಂದು, ಮಾಡಿಹಾಕಿದ್ದನ್ನು ಉಂಡು ಚೆನ್ನಾಗಿದೆ ಅನ್ನುವ ಸಾಧು ಪ್ರಾಣಿ ಅವನು. ಆದರೆ ಆ ಅರ್ಜಿಯ ಆಸೆ ಮಾತ್ರ ಅವಳ ಹೊಟ್ಟೆಯಲ್ಲೇ ಉಳಿದುಬಿಟ್ಟಿತ್ತು. ತವರಲ್ಲೂ ಡಿಗ್ರಿಯಾದವರಿಲ್ಲ, ಗಂಡನ ಮನೆಯಲ್ಲೂ ಇಲ್ಲ. ಇದ್ದೊಬ್ಬ ಮಗಳು ಅಕ್ಷತಾ ತುಮಕೂರಿನ ಕಾಲೇಜಿನಲ್ಲಿ ಬಿ.ಎ.ಗೆ ಸೇರಿದ ದಿನ ಬಸವಲಿಂಗಮ್ಮ ಅವಳನ್ನು ಎಳೆದುಕೊಂಡು ಯಡಿಯೂರಿಗೆ ಹೋದಳು. ಸಿದ್ಧಲಿಂಗೇಶ್ವರನ ಗದ್ದುಗೆಯ ಮುಂದೆ ಹಣೆಗೆ ಈಬತ್ತಿ ಹಚ್ಚಿಕೊಂಡು ಕೈಮುಗಿದು ನಿಂತು, ಪಕ್ಕದವರಿಗೂ ಕೇಳುವ ಹಾಗೆ ಹರಕೆ ಕಟ್ಟಿಕೊಂಡಳು.

"ನಮ್ಮನೆಗೆ ಒಂದು ಡಿಗ್ರಿ ಬರೋಗಂಟ ಹಲಸಿನ ಹಣ್ಣು ಮುಟ್ಟಲ್ಲ ಕಣಪ್ಪ ಸ್ವಾಮಿ. ಬಂದ ಮೇಲೆ ಆ ಪತ್ರ ತಂದು ನಿನ್ ಮುಂದೆ ಇಟ್ಟು, ಇಲ್ಲೇ ಬಾಯಿಗೆ ಹಾಕ್ತೀನಿ."

ಮೂರು ವರ್ಷ, ಮೂರು ಹಂಗಾಮು, ಕಣ್ಣುಮುಚ್ಚಿ ತೆಗೆಯುವುದರಲ್ಲಿ ಕಳೆದುಹೋಗುತ್ತದೆ ಅಂದುಕೊಂಡಿದ್ದಳು ಪಾಪ. ಮೊದಲನೇ ಹಂಗಾಮಿಗೇ ಜೀವ ಬಾಯಿಗೆ ಬಂತು. ಅಣ್ಣಯ್ಯಪ್ಪ ಹಣ್ಣು ತಂದು ನಡುಮನೆಯಲ್ಲಿ ಇಳಿಸಿದನೋ ಇಲ್ಲವೋ, ಘಮ ಬೀದಿಯ ತಿರುವಿನವರೆಗೆ ಹೋಯಿತು. ಬಸವಲಿಂಗಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಅಂಗನವಾಡಿಗೆ ಹೋದವಳು, ಮಕ್ಕಳೆಲ್ಲ ಮನೆಗೆ ಹೋದ ಮೇಲೂ ಅಲ್ಲೇ ಕೂತು ಗೋಡೆಯ ಮೇಲಿನ ಹಣ್ಣುಗಳ ಚಾರ್ಟು ನೋಡುತ್ತಿದ್ದಳು. ಆ ಚಾರ್ಟಿನಲ್ಲೂ ಹಲಸಿತ್ತು! ಸಂಜೆ ಮನೆಗೆ ಬಂದರೆ ಬೀಜ ಮಾತ್ರ ಮಿಕ್ಕಿದ್ದವು. ಬೀಜ ಹಣ್ಣೋ ತರಕಾರಿಯೋ ಅಂತ ಒಂದು ಗಳಿಗೆ ಯೋಚಿಸಿ, ತರಕಾರಿಯೇ ಸರಿ ಎಂದು ತಾನೇ ತೀರ್ಪು ಕೊಟ್ಟುಕೊಂಡು ಬೀಜದ ಸಾರು ಮಾಡಿ ಮುದ್ದೆಗೆ ಬಿಟ್ಟುಕೊಂಡು ಉಂಡಳು. ದೇವರಿಗೆ ಸುಳ್ಳು ಹೇಳುವ ಹೆಂಗಸಲ್ಲ ಅವಳು. ಆದರೆ ದೇವರ ಜೊತೆ ವಾದ ಮಾಡಲು ಹೆದರುವವಳೂ ಅಲ್ಲ.

ಇತ್ತ ಅಕ್ಷತಾ ಓದುತ್ತಿದ್ದಳೇ ಅಂದರೆ, ಓದುತ್ತಿದ್ದಳು, ಆಡಿ ಮಿಕ್ಕ ಹೊತ್ತಿನಲ್ಲಿ. ಅವಳ ಆಟ ಖೋ-ಖೋ. ಹೈಸ್ಕೂಲಿನಿಂದಲೂ ಆಡಿದ್ದು, ಕಾಲೇಜಿನಲ್ಲಿ ಪಿ.ಟಿ. ಮೇಷ್ಟ್ರು ಅಂಜನಮೂರ್ತಿಯ ಕೈಗೆ ಸಿಕ್ಕ ಮೇಲೆ ಅದಕ್ಕೊಂದು ಹದ ಬಂತು. ಯೂನಿವರ್ಸಿಟಿ ತಂಡ ಸೇರಿದಳು, ರಾಜ್ಯದ ತಂಡಕ್ಕೂ ಹೋಗಿ ಬಂದಳು. ಮನೆಯ ಶೋಕೇಸಿನಲ್ಲಿ ಕಪ್ಪುಗಳು ತುಂಬಿ, ಬಸವಲಿಂಗಮ್ಮ ಒಂದರಲ್ಲಿ ಸಾಸಿವೆ, ಇನ್ನೊಂದರಲ್ಲಿ ಮೆಂತ್ಯ ಹಾಕಿಟ್ಟಳು. ಮಗಳು ಆಡುವುದಕ್ಕೆ ಅವಳ ಅಡ್ಡಿಯೇನೂ ಇರಲಿಲ್ಲ, ಆದರೆ ಒಂದು ದಿನವೂ ನೋಡಲು ಹೋದವಳಲ್ಲ. ಆಟ ಆಟದ ಪಾಡಿಗೆ, ಪರೀಕ್ಷೆ ಪರೀಕ್ಷೆಯ ಪಾಡಿಗೆ ಅನ್ನುವುದು ಅವಳ ಲೆಕ್ಕ.

ಎರಡನೇ ವರ್ಷದ ನಡುವೆ, ಸಂಕ್ರಾಂತಿಯ ಎಳ್ಳು ಬೀರಿ ಮುಗಿದ ವಾರ, ಅಂಜನಮೂರ್ತಿ ಮೇಷ್ಟ್ರು ಒಂದು ಕಾಗದ ಹಿಡಿದು ಮನೆಗೇ ಬಂದರು. ಹೆಂಗಸರ ಖೋ-ಖೋಗೂ ಒಂದು ಲೀಗ್ ಶುರುವಾಗಿದೆ, ಟಿ.ವಿ.ಯಲ್ಲಿ ಬರುತ್ತದೆ, ಪುಣೆ ಕಡೆಯ ಒಂದು ತಂಡದವರು ಅಕ್ಷತಾಳನ್ನು ಮೂರು ವರ್ಷಕ್ಕೆ ಕೇಳಿದ್ದಾರೆ ಎಂದರು. ಸಂಬಳದ ಆಟ. ವರ್ಷದಲ್ಲಿ ಏಳೆಂಟು ತಿಂಗಳು ಅಲ್ಲೇ ಕ್ಯಾಂಪು. ಕಾಲೇಜಿಗೆ ಹಾಜರಿ ಸಾಲದು, ಹಾಗಾಗಿ ಬಿ.ಎ. ಬಿಡಲೇಬೇಕು. ಹುಡುಗಿ ಒಪ್ಪಿದ್ದಾಳೆ, ಮನೆಯವರ ಸಹಿ ಹಾಕಿ ಹತ್ತು ದಿನದೊಳಗೆ ಕಳಿಸಬೇಕು ಅಂದರು.

ಬಸವಲಿಂಗಮ್ಮನಿಗೆ ಕೇಳಿಸಿದ್ದು ಒಂದೇ ಮಾತು: ಬಿ.ಎ. ಬಿಡಬೇಕು. ಮೇಷ್ಟ್ರಿಗೆ ಕೊಟ್ಟಿದ್ದ ಕಾಫಿ ಲೋಟವನ್ನು ಅವರು ಕುಡಿದು ಮುಗಿಸುವ ಮೊದಲೇ ಎತ್ತಿಕೊಂಡು ಒಳಗೆ ಹೋದಳು. ಡಿಗ್ರಿ ಮುಗಿಸಿ ಹೋಗಲಿ ಎಂದಳು. ಅಷ್ಟೊತ್ತಿಗೆ ಕರೆಯುವವರು ಇರುವುದಿಲ್ಲ, ಈ ಆಟಕ್ಕೆ ಕಾಲು ಚುರುಕಾಗಿರುವುದೇ ಈ ನಾಲ್ಕೈದು ವರ್ಷ ಎಂದರು ಮೇಷ್ಟ್ರು. ಬಿದ್ದು ಕಾಲು ಮುರಿದರೆ ಕೈಯಲ್ಲಿ ಏನು ಉಳಿಯುತ್ತದೆ ಎಂದು ಇವಳು ಕೇಳಿದ್ದಕ್ಕೆ ಮೇಷ್ಟ್ರು ಕಾಗದವನ್ನು ಅಲ್ಲೇ ಬಿಟ್ಟು ಎದ್ದರು. ಅಕ್ಷತಾ ಅತ್ತಳು, ಊಟ ಬಿಟ್ಟಳು, ಆಮೇಲೆ ಹಸಿವು ತಡೆಯಲಾರದೆ ಉಂಡಳು. ಮಲ್ಲಿಕಾರ್ಜುನ ಇಬ್ಬರ ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಗಿ, ಗಿರಾಕಿ ಬಂದಿದ್ದಾರೆ ಎಂದು ಮಿಲ್ಲಿಗೆ ಓಡಿದ. ಅವತ್ತು ಭಾನುವಾರ, ಮಿಲ್ಲಿಗೆ ರಜೆ!

ಮುಂದಿನ ಶನಿವಾರ ಬಸವಲಿಂಗಮ್ಮ ಸಹಿಯಾಗದ ಆ ಕಾಗದವನ್ನು ಪರ್ಸಿನಲ್ಲಿ ಮಡಿಸಿಟ್ಟುಕೊಂಡು ಯಡಿಯೂರಿಗೆ ಹೊರಟಳು. ಮಗಳಿಗೆ ಬುದ್ಧಿ ಕೊಡು ಅಂತ ಕೇಳುವುದು, ಆಗದಿದ್ದರೆ ಹರಕೆಯಿಂದ ನನ್ನ ಬಿಡಿಸು ಅಂತ ಕೇಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಕುಣಿಗಲ್ಲಿನಲ್ಲಿ ಬಸ್ಸು ಬದಲಿಸಬೇಕು. ಯಡಿಯೂರಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಅವತ್ತೇ ಅಲ್ಲಿನ ಕಾಲೇಜು ಮೈದಾನದಲ್ಲಿ ಅಕ್ಷತಾಳ ಪಂದ್ಯವಿತ್ತೆಂದು ಅವಳಿಗೆ ಗೊತ್ತಿತ್ತು. ನೋಡಲು ಹೋಗಬೇಕೆಂದು ಅವಳೇನೂ ಹೊರಟವಳಲ್ಲ. ಕಾಲು ತಾನಾಗಿ ಆ ಕಡೆ ನಡೆಯಿತು ಎಂದು ಇವತ್ತಿಗೂ ಹೇಳುತ್ತಾಳೆ. ನಂಬುವವರು ನಂಬಲಿ.

ಮೈದಾನದ ನಡುವೆ ಎರಡು ಕಂಬ, ಕಂಬದಿಂದ ಕಂಬಕ್ಕೆ ಸಾಲಾಗಿ ಕುಕ್ಕರುಗಾಲಲ್ಲಿ ಕೂತ ಎಂಟು ಹುಡುಗಿಯರು, ಒಬ್ಬಳ ಮುಖ ಆ ಕಡೆ, ಇನ್ನೊಬ್ಬಳದು ಈ ಕಡೆ. ಒಂಬತ್ತನೆಯವಳು ಎದುರಾಳಿಯನ್ನು ಅಟ್ಟಿಸಿಕೊಂಡು ಓಡುತ್ತಿದ್ದಳು. ಅಕ್ಷತಾ ಸಾಲಿನಲ್ಲಿ ಸುಮ್ಮನೆ ಕೂತಿದ್ದಳು. ನಮ್ಮ ಮಗಳಿಗೆ ಆಡಲು ಬಿಡದೆ ಕೂರಿಸಿದ್ದಾರಲ್ಲ ಎಂದು ಬಸವಲಿಂಗಮ್ಮನಿಗೆ ಸಿಟ್ಟೇ ಬಂತು. ಅಷ್ಟರಲ್ಲಿ ಓಡಿ ಸುಸ್ತಾದವಳು ಬಂದು ಅಕ್ಷತಾಳ ಬೆನ್ನು ತಟ್ಟಿ "ಖೋ" ಅಂದಳು. ಅಬ್ಬಬ್ಬಾ! ಕೂತಿದ್ದ ಹುಡುಗಿ ಎದ್ದಿದ್ದು ಕಾಣಲೇ ಇಲ್ಲ, ಓಡಿದ್ದೇ ಕಂಡಿದ್ದು. ಎದುರಾಳಿ ಕಂಬ ಸುತ್ತಿ ತಪ್ಪಿಸಿಕೊಳ್ಳಬೇಕು ಅನ್ನುವಷ್ಟರಲ್ಲಿ ಅಕ್ಷತಾ ಒಂದು ಕೈಯಲ್ಲಿ ಕಂಬ ಹಿಡಿದು ಮೈಯನ್ನು ಪೂರ್ತಿ ಗಾಳಿಯಲ್ಲಿ ಚಾಚಿ ಅವಳ ಹಿಮ್ಮಡಿ ಮುಟ್ಟಿದಳು. ದೂಳಲ್ಲಿ ಬಿದ್ದು, ಎದ್ದು, ನಕ್ಕಳು.

ಬಸವಲಿಂಗಮ್ಮನಿಗೆ ತಾನು ಕೂಗುತ್ತಿದ್ದೇನೆ ಎಂದು ಗೊತ್ತಾಗಿದ್ದು ಪಕ್ಕದವರು ತಿರುಗಿ ನೋಡಿದಾಗ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಈ ಮಗಳು ಇಪ್ಪತ್ತು ವರ್ಷ ತನ್ನ ಮನೆಯಲ್ಲೇ ಇದ್ದಳು, ಇಂಥವಳೆಂದು ತನಗೇ ಗೊತ್ತಿರಲಿಲ್ಲವಲ್ಲ ಅನ್ನಿಸಿತು. ಅಂಜನಮೂರ್ತಿ ಮೇಷ್ಟ್ರು ಅವಳನ್ನು ಕಂಡು ಹತ್ತಿರ ಬಂದರು. ಮೊದಲು ಓಡಿದ ಹುಡುಗಿ ಪಾಪ ಯಾಕೆ ಕೂತುಬಿಟ್ಟಳು, ಅವಳಿಗೇನೂ ಸಿಗುವುದಿಲ್ಲವೇ ಎಂದು ಬಸವಲಿಂಗಮ್ಮ ವಿಚಾರಿಸಿದಳು.

"ಹಂಗೇನಿಲ್ಲ ಟೀಚರಮ್ಮ" ಎಂದರು ಮೇಷ್ಟ್ರು. "ಈ ಆಟ್ದಲ್ಲಿ ಒಬ್ರೇ ಕೊನೇತನ್ಕ ಓಡಲ್ಲ. ಅರ್ಧಕ್ಕೆ ಬಂದೋರು ಕೂತಿರೋರ ಬೆನ್ ತಟ್ಟಿ, ಅವರ ಜಾಗ್ದಲ್ಲಿ ತಾವು ಕೂರ್ತಾರೆ. ಯಾರು ಮುಟ್ಟುದ್ರೂ ಪಾಯಿಂಟು ಮನೆಗೇ ಬರ್ತದೆ."

ಮೇಷ್ಟ್ರು ಮನೆ ಅಂದಿದ್ದು ತಂಡಕ್ಕೆ, ಅವರ ಮಾತಿನ ರೂಢಿ ಅದು. ಬಸವಲಿಂಗಮ್ಮ ಮಾತ್ರ ಯಡಿಯೂರಿನ ಬಸ್ಸು ತಪ್ಪಿಸಿಕೊಂಡು ಪಂದ್ಯ ಮುಗಿಯುವವರೆಗೂ ಅಲ್ಲೇ ಕೂತಳು.

ಮಧ್ಯಾಹ್ನ ಅಮ್ಮ ಮಗಳು ಇಬ್ಬರೂ ಮುಂದಿನ ಬಸ್ಸು ಹತ್ತಿದರು. ಅಕ್ಷತಾಳ ಮೈತುಂಬ ದೂಳು, ಕೊರಳಲ್ಲಿ ಮೆಡಲು. ಅಮ್ಮ ಬೈಯುತ್ತಾಳೆಂದು ಕಾದಳು, ಬೈಗುಳ ಬರಲಿಲ್ಲ. ಗದ್ದುಗೆಯ ದರ್ಶನ ಮಾಡಿ ಹೊರಗೆ ಕಲ್ಲು ಜಗಲಿಯ ಮೇಲೆ ಕೂತಾಗ ಬಸವಲಿಂಗಮ್ಮ ಪರ್ಸಿನಿಂದ ಕಾಗದ ತೆಗೆದು, ತೊಡೆಯ ಮೇಲಿಟ್ಟು ಸಹಿ ಹಾಕಿದಳು. ಅಂಗನವಾಡಿಯ ದಾಖಲೆಯಲ್ಲಿ ಹಾಕುವಂತೆ ಪೂರಾ ಹೆಸರು, ಕೆಳಗೆ ತಾರೀಖು.

"ಅಮ್ಮ, ನಿನ್ ಹರಕೆ?" ಎಂದಳು ಅಕ್ಷತಾ.

"ನಾನು ಸ್ವಾಮಿಗೆ ಹೇಳಿದ್ದು ನಮ್ಮನೆಗೆ ಒಂದು ಡಿಗ್ರಿ ಅಂತ. ನೀನೇ ತರ್ಬೇಕು ಅಂತ ಎಲ್ ಹೇಳಿದೀನಿ? ನೀನು ಅರ್ಧ ಓಡಿದೀಯ. ಮಿಕ್ಕಿದ್ದು ನಾನು ಓಡ್ತೀನಿ ಬುಡು."

ಅಕ್ಷತಾ ಒಂದು ಗಳಿಗೆ ಬಾಯಿಬಿಟ್ಟುಕೊಂಡು ನೋಡಿದಳು. ನಲವತ್ತು ದಾಟಿದ, ಮಂಡಿನೋವಿಗೆ ಎಣ್ಣೆ ತಿಕ್ಕಿಕೊಳ್ಳುವ ಅಮ್ಮ ಬಿ.ಎ. ಓದುತ್ತಾಳಂತೆ! ಆಮೇಲೆ ನಗುತ್ತ ಎದ್ದು, ಅಮ್ಮನ ಹಿಂದೆ ಹೋಗಿ ನಿಂತು, ಅಂಗೈಯಿಂದ ಬೆನ್ನು ತಟ್ಟಿ "ಖೋ" ಅಂದಳು. ಕೈ ಸ್ವಲ್ಪ ಜೋರಾಗಿಯೇ ಬಿತ್ತು. ಬಸವಲಿಂಗಮ್ಮ ಅಯ್ಯೋ ಅಂದಳು, ನಕ್ಕಳು, ಆಮೇಲೆ ಇಬ್ಬರೂ ದಾಸೋಹದಲ್ಲಿ ಊಟಕ್ಕೆ ಹೋದರು.

ಜುಲೈನಲ್ಲಿ ಅವಳು ಮುಕ್ತ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸಿದಳು. ಬೀದಿಯ ಬಾಯಿಗೆ ಬೀಗ ಇರುತ್ತದೆಯೇ? ಮಗಳು ಓದುವ ವಯಸ್ಸಿನಲ್ಲಿ ಆಡಲು ಹೋದಳು, ಅಮ್ಮ ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಓದಲು ಹೊರಟಳು ಎಂದು ನಕ್ಕರು. ಅಂಗನವಾಡಿಯ ಮಕ್ಕಳು ಮಧ್ಯಾಹ್ನ ಮಲಗಿದಾಗ ಅವಳು ಸಮಾಜಶಾಸ್ತ್ರ ಓದಿದಳು. ಸಂಜೆ ಮಿಲ್ಲಿನಲ್ಲಿ ಗಂಡನ ಪಕ್ಕ ಸ್ಟೂಲು ಹಾಕಿಕೊಂಡು ಇತಿಹಾಸ ಓದಿದಳು. ಮಿಲ್ಲಿನ ಸದ್ದಿಗೆ ಮೀರಿ ಗಟ್ಟಿಯಾಗಿ ಓದುತ್ತಿದ್ದುದರಿಂದ ರಾಗಿ ಬೀಸಿಸಲು ಬಂದವರಿಗೂ ವಿಜಯನಗರದ ಅರಸರ ಹೆಸರುಗಳು ಬಾಯಿಪಾಠವಾದವು. ಪುಸ್ತಕದ ಹಾಳೆ ತಿರುವಿದರೆ ಹಿಟ್ಟು ಉದುರುತ್ತಿತ್ತು. ಮೊದಲ ಪರೀಕ್ಷೆಯ ದಿನ ಕೊಠಡಿಯ ಮೇಲ್ವಿಚಾರಕರು ಅವಳ ಬಳಿ ಬಂದು, ಮಕ್ಕಳನ್ನು ಕೂರಿಸಿ ಆಯಿತಲ್ಲ, ಇನ್ನು ಹೊರಗೆ ಹೋಗಿ ತಾಯಿ ಎಂದರು. ಇವಳು ಹಾಲ್ ಟಿಕೆಟ್ ತೆಗೆದು ಅವರ ಮೂಗಿನ ಹತ್ತಿರ ಹಿಡಿದಳು. ಪಾಪ, ಅವರೇ ನೀರು ತರಿಸಿಕೊಟ್ಟರು.

ಅತ್ತ ಅಕ್ಷತಾ ಮೊದಲ ಸೀಸನ್ ಪೂರ್ತಿ ಹೊರಗೇ ಕೂತಳು. ಎರಡನೇ ಸೀಸನ್ನಿನಲ್ಲಿ ಒಬ್ಬಳಿಗೆ ಪೆಟ್ಟಾಗಿ ಇವಳನ್ನು ಇಳಿಸಿದರು, ಇಳಿದವಳು ಮತ್ತೆ ಹೊರಗೆ ಬರಲಿಲ್ಲ. ಪಂದ್ಯವಿದ್ದ ದಿನ ಮಲ್ಲಿಕಾರ್ಜುನ ಟಿ.ವಿ.ಯನ್ನು ಮಿಲ್ಲಿನ ಬಾಗಿಲಿಗೆ ತಂದಿಡುತ್ತಿದ್ದ. ಬೀದಿಗೆ ಬೀದಿಯೇ ಸೇರುತ್ತಿತ್ತು. ನಕ್ಕವರೂ ಬಂದು ಮುಂದಿನ ಸಾಲಿನಲ್ಲೇ ಕೂತರು, ಅವರಿಗೂ ಬಸವಲಿಂಗಮ್ಮ ಮಂಡಕ್ಕಿ ಕೊಟ್ಟಳು. ಮಗಳು ಕಂಬಕ್ಕೆ ಹಾರಿದಾಗಲೆಲ್ಲ ಅವಳು ಮಂಡಕ್ಕಿಯ ಮೊರ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದಳು.

ಫೋನಿನಲ್ಲಿ ಲೋಕವೇ ತಲೆಕೆಳಗಾಗಿತ್ತು. ಎಷ್ಟು ಪಾಠ ಆಯಿತು, ಟಿ.ವಿ. ನೋಡಿ ಕಾಲ ಕಳೆಯಬೇಡ ಎಂದು ಮಗಳು ಗದರಿಸುವಳು. ಚೆನ್ನಾಗಿ ತಿನ್ನು, ಆಟದ ಕಡೆ ಗಮನ ಕೊಡು ಎಂದು ತಾಯಿ ಹೇಳುವಳು. ಎರಡನೇ ವರ್ಷ ಇಂಗ್ಲಿಷಿನಲ್ಲಿ ಬಸವಲಿಂಗಮ್ಮ ಫೇಲಾದಳು. ಮಿಕ್ಕ ಎಲ್ಲದರಲ್ಲೂ ಪಾಸಲ್ಲವೇ ಎಂದು ಮಲ್ಲಿಕಾರ್ಜುನ ಮೈಸೂರು ಪಾಕು ತಂದ. ಅವಳು ಅದನ್ನು ಮುಟ್ಟದೆ ಗೋಡೆಗೆ ಮುಖ ಮಾಡಿ ಕೂತಳು. ಅವಳಿಗೆ ನಿಜವಾಗಿ ನಾಚಿಕೆಯಾಗಿತ್ತು. ಅಂಗನವಾಡಿ ಮಕ್ಕಳಿಗೆ ಎ ಬಿ ಸಿ ಡಿ ಹೇಳಿಕೊಡುವವಳು ತಾನು, ಇನ್ನು ಆಗುವುದಿಲ್ಲ, ಹಲಸೂ ಬೇಡ, ಡಿಗ್ರಿಯೂ ಬೇಡ ಅನ್ನಿಸಿತ್ತು. ಅಕ್ಷತಾ ಕ್ಯಾಂಪಿನಿಂದ ಫೋನು ಮಾಡಿದಳು.

"ಫೌಲ್ ಆದ್ರೆ ಆಟ ಮುಗ್ದೋಗಲ್ಲ ಕಣಮ್ಮ. ಒಂದೆರಡು ಹೆಜ್ಜೆ ವಾಪಸ್ ಹೋಗಿ, ಮತ್ತೆ ಅಲ್ಲಿಂದ್ಲೇ ಓಡ್ಬೇಕು. ನಾನು ವಾರಕ್ಕೆ ಹತ್ತು ಫೌಲ್ ಮಾಡ್ತೀನಿ, ನೀನು ಒಂದಕ್ಕೇ ಕೂತ್ಬಿಟ್ಯಾ?"

ಬಸವಲಿಂಗಮ್ಮ ಎದ್ದು ಮೈಸೂರು ಪಾಕು ತಿಂದಳು. ಮರುದಿನ ಇಂಗ್ಲಿಷ್ ಪುಸ್ತಕ ತೆಗೆದಳು. ಇಂಗ್ಲಿಷಿಗೆ ಪಾಠ ಹೇಳಿಕೊಡಲು ಮುಂದಾದವರು ಅಂಜನಮೂರ್ತಿ ಮೇಷ್ಟ್ರು. ವಾರಕ್ಕೆರಡು ಸಂಜೆ ಮಿಲ್ಲಿಗೆ ಬರುತ್ತಿದ್ದರು. ಈಗ ಅವರ ಕಾಫಿಯನ್ನು ಯಾರೂ ಅರ್ಧಕ್ಕೆ ಎತ್ತಿಕೊಂಡು ಹೋಗುತ್ತಿರಲಿಲ್ಲ. ಪ್ರತಿ ವರ್ಷ ಅಣ್ಣಯ್ಯಪ್ಪನ ಹಣ್ಣು ಬರುತ್ತಿತ್ತು, ಅವಳು ಸೆರಗು ಮೂಗಿಗೆ ಒತ್ತಿಕೊಳ್ಳುತ್ತಿದ್ದಳು, ಬೀಜದ ಸಾರು ಕುದಿಯುತ್ತಿತ್ತು. ಮೂರು ಅಂದುಕೊಂಡಿದ್ದ ಹಂಗಾಮು ಐದಾಯಿತು.

ಕೊನೆಗೆ ಒಂದು ಮಾರ್ಚ್ ತಿಂಗಳಲ್ಲಿ ಮೈಸೂರಿನ ಘಟಿಕೋತ್ಸವದಿಂದ ಬಸವಲಿಂಗಮ್ಮ ಬಿ.ಎ. ಪದವಿ ಪತ್ರ ಹಿಡಿದು ಬಂದಳು. ಸೆಕೆಂಡ್ ಕ್ಲಾಸು. ಬಂದಿದ್ದೇನೋ ಬಂತು, ಆದರೆ ಮಾರ್ಚಿನಲ್ಲಿ ಹಣ್ಣೆಲ್ಲಿ? ಮರದಲ್ಲಿ ಇನ್ನೂ ಎಳೆಗಾಯಿ. ಐದು ವರ್ಷ ಕಾದವಳಿಗೆ ಎರಡು ತಿಂಗಳು ಭಾರವೇ ಎಂದು ಗಂಡ ಸಮಾಧಾನ ಹೇಳಿದ. ಆ ಎರಡು ತಿಂಗಳೇ ಭಾರವಾಗಿದ್ದು ಎಂದು ಅವಳು ಆಮೇಲೆ ಒಪ್ಪಿಕೊಂಡಳು. ವಾರಕ್ಕೊಮ್ಮೆ ಅಣ್ಣನಿಗೆ ಫೋನು ಮಾಡಿ ಕಾಯಿಯ ಯೋಗಕ್ಷೇಮ ವಿಚಾರಿಸುತ್ತಿದ್ದಳು.

ಮೇ ತಿಂಗಳ ಕೊನೆಗೆ ಅಕ್ಷತಾ ರಜೆಗೆ ಬಂದಳು. ಅವಳ ಕರಾರನ್ನು ಇನ್ನೂ ಎರಡು ವರ್ಷ ಮುಂದುವರಿಸಿದ್ದರು. ಮನೆಯವರೆಲ್ಲ ಯಡಿಯೂರಿಗೆ ಹೋದರು. ಅಣ್ಣಯ್ಯಪ್ಪ ಸಿ.ಎಸ್. ಪುರದಿಂದ ಗೋಣಿಚೀಲ ಹೊತ್ತು ನೇರ ಅಲ್ಲಿಗೇ ಬಂದಿದ್ದ. ಬಸವಲಿಂಗಮ್ಮ ಪದವಿ ಪತ್ರವನ್ನು ಗದ್ದುಗೆಯ ಮುಂದಿಟ್ಟು ಅಡ್ಡಬಿದ್ದಳು. ತುಂಬ ಮಾತು ಜೋಡಿಸಿಕೊಂಡು ಬಂದಿದ್ದಳು. ಬಂತು ಕಣಪ್ಪ ಸ್ವಾಮಿ ಅನ್ನುವುದೊಂದೇ ಬಾಯಿಗೆ ಬಂತು.

ಹೊರಗೆ, ಹಿಂದೆ ಸಹಿ ಹಾಕಿದ್ದ ಅದೇ ಕಲ್ಲು ಜಗಲಿಯ ಹತ್ತಿರ, ಅಣ್ಣಯ್ಯಪ್ಪ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹಣ್ಣು ಸೀಳಿದ. ಕೆಂಡದ ಬಣ್ಣದ ಮೊದಲ ತೊಳೆಯನ್ನು ತಂಗಿಯ ಅಂಗೈಯಲ್ಲಿಟ್ಟ. ಅವಳು ಅದನ್ನು ಒಂದು ಸಲ ನೋಡಿದಳು, ಮೂಸಿದಳು, ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಅಗಿದಳು. ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಎರಡನೆಯದನ್ನು ತಾನೇ ಬಿಡಿಸಿಕೊಂಡಳು, ಮೂರನೆಯದನ್ನು ಮಲ್ಲಿಕಾರ್ಜುನನ ಪಾಲಿನಿಂದ ಕಸಿದಳು.

ಅಕ್ಷತಾ ಆ ಕಡೆಗೆ ಮುಖಮಾಡಿ ಕುಕ್ಕರುಗಾಲಲ್ಲಿ ಕೂತು ಮುತ್ತುಗದೆಲೆಗೆ ತೊಳೆ ಬಿಡಿಸಿ ಹಾಕುತ್ತಿದ್ದಳು. ಎಲ್ಲರಿಗೂ ಹಂಚಿ ಆದ ಮೇಲೆ ತನಗೆಂದು ಒಂದನ್ನು ಕೈಗೆತ್ತಿಕೊಂಡಳು. ಬಸವಲಿಂಗಮ್ಮ ಮೆಲ್ಲಗೆ ಎದ್ದು ಬಂದು ಹಿಂದೆ ನಿಂತಳು. ಮೇಣ ಮೆತ್ತಿದ ಅಂಗೈಯಿಂದ ಮಗಳ ಬೆನ್ನು ತಟ್ಟಿದಳು.

"ಖೋ."

ಅಕ್ಷತಾ ತಿರುಗಿ ನೋಡಿದರೆ ಅಮ್ಮನ ಇನ್ನೊಂದು ಕೈಯಲ್ಲಿ ಮುಕ್ತ ವಿಶ್ವವಿದ್ಯಾಲಯದ ಅರ್ಜಿ. ಹೆಸರು, ವಿಳಾಸ, ಹುಟ್ಟಿದ ತಾರೀಖು ಎಲ್ಲ ಅಂಗನವಾಡಿಯ ದುಂಡು ಅಕ್ಷರದಲ್ಲಿ ತುಂಬಿಯಾಗಿತ್ತು. ಸಹಿಯ ಜಾಗ ಮಾತ್ರ ಖಾಲಿ. ಹಾಜರಿಯ ಕಾಟವಿಲ್ಲ, ಕ್ಯಾಂಪಿನಲ್ಲಿ ಕೂತು ಓದಬಹುದು, ಪುಸ್ತಕಗಳೂ ಇವೆ, ಹಿಟ್ಟು ಕೊಡವಿದರೆ ಆಯಿತು ಎಂದಳು ಬಸವಲಿಂಗಮ್ಮ.

ಖೋ ಸಿಕ್ಕವರು ಆ ಆಟದಲ್ಲಿ ಕೂತಿರುವ ಹಾಗಿಲ್ಲ. ಅಕ್ಷತಾ ಎದ್ದು ನಿಂತಳು. ಕೈಯಲ್ಲಿದ್ದ ತೊಳೆಯನ್ನು ಒಂದು ಗಳಿಗೆ ನೋಡಿ, ತಿನ್ನದೆ, ಎಲೆಯ ಮೇಲೆ ವಾಪಸ್ಸು ಇಟ್ಟಳು.

ಬಸವಲಿಂಗಮ್ಮನಿಗೆ ಅರ್ಥವಾಗಲು ಅಷ್ಟು ಸಾಕಾಯಿತು. ಬಗ್ಗಿ ಅದೇ ತೊಳೆಯನ್ನು ಎತ್ತಿ ಮಗಳ ಬಾಯಿಗೆ ತುರುಕಿದಳು.

"ಹರಕೆ ಗಿರಕೆ ಏನೂ ಬ್ಯಾಡ ಕಣೇ. ಹಲಸು ಬಿಡೋದು ನನ್ ಕಾಲಕ್ಕೇ ಸಾಕು. ನೀನು ತಿನ್ಕೊಂಡೇ ಓದು."

ಅಕ್ಷತಾ ಬಾಯಿ ತುಂಬ ಹಲಸು ಇಟ್ಟುಕೊಂಡೇ ಪೆನ್ನಿಗೆ ಕೈ ಚಾಚಿದಳು. ಅಣ್ಣಯ್ಯಪ್ಪ ಇನ್ನರ್ಧ ಹಣ್ಣು ಸೀಳಲು ಮತ್ತೆ ಕೈಗೆ ಎಣ್ಣೆ ಹಚ್ಚಿಕೊಂಡ.